ದೇಹಕ್ಕೆ ಕೊಡುವ ಅರ್ಧ ಗಂಟೆ ಸ್ವಾರ್ಥವೇ?

ಭಗವದ್ಭಕ್ತರ ಮುಂದೆ ಒಂದು ಪ್ರಶ್ನೆ ಇಡುತ್ತೇನೆ. ಬೆಳಿಗ್ಗೆ ಎದ್ದು ಅರ್ಧ ಗಂಟೆ ಯೋಗಾಭ್ಯಾಸ ಮಾಡುವವರು ಆ ಅರ್ಧ ಗಂಟೆಯನ್ನು ಯಾರಿಗೆ ಕೊಟ್ಟ ಹಾಗಾಯಿತು? ದೇವರಿಗೆ ಕೊಟ್ಟರೆ ಅದನ್ನು ಭಕ್ತಿ ಅನ್ನುತ್ತೇವೆ. ಮನೆಯವರಿಗೆ ಕೊಟ್ಟರೆ ಕರ್ತವ್ಯ ಅನ್ನುತ್ತೇವೆ. ತನ್ನ ದೇಹಕ್ಕೆ ತಾನೇ ಕೊಟ್ಟುಕೊಂಡರೆ ಏನನ್ನಬೇಕು? ಸ್ವಾರ್ಥ ಅಂತ ಬಹಳ ಜನ ಒಳಗೊಳಗೇ ತಿಳಿದಿದ್ದಾರೆ. ಅದರಲ್ಲೂ ನಮ್ಮ ಹೆಣ್ಣುಮಕ್ಕಳು. ಸೇವಾ ರಸೀದಿ ಬರೆಯುವಾಗ ಇದು ಚೆನ್ನಾಗಿ ಗೊತ್ತಾಗುತ್ತದೆ. ಮಗನ ಹೆಸರಿಗೆ, ಯಜಮಾನರ ಹೆಸರಿಗೆ, ಮೊಮ್ಮಗುವಿನ ಹೆಸರಿಗೆ ಅರ್ಚನೆ ಬರೆಸುತ್ತಾರೆ. ನಿಮ್ಮ ಹೆಸರು, ನಕ್ಷತ್ರ ಹೇಳಿ ತಾಯಿ ಅಂದರೆ "ನಂದ್ಯಾಕೆ ಬಿಡಿ ಸ್ವಾಮಿ" ಅಂತಾರೆ. ಹಾಗೆ ಅಂದವರೇ ಮಂಡಿ ಹಿಡಿದುಕೊಂಡು, ಒಂದೊಂದು ಮೆಟ್ಟಿಲಿಗೂ ಎರಡು ಕಾಲಿಟ್ಟು ಇಳಿಯುತ್ತಾರೆ.

ಇನ್ನೊಂದು ಕಡೆಯವರೂ ಇದ್ದಾರೆ. ಯೋಗವೆಂದರೆ ಪರಮಾತ್ಮನಲ್ಲಿ ಸೇರುವ ಮಾರ್ಗ, ಅದನ್ನು ಶುಗರ್ ಇಳಿಸೋಕೆ, ಹೊಟ್ಟೆ ಕರಗಿಸೋಕೆ ಬಳಸುವುದು ಅಪಚಾರ ಎನ್ನುವವರು ಇವರು. ಮೊದಲಿನವರು ದೇಹಕ್ಕೆ ಅಷ್ಟು ಬೆಲೆ ಯಾಕೆ ಅನ್ನುತ್ತಾರೆ, ಇವರು ಯೋಗಕ್ಕೆ ಇಷ್ಟು ಕಡಿಮೆ ಬೆಲೆಯೇ ಅನ್ನುತ್ತಾರೆ. ಇವರಿಗೆ ಮೊದಲು ಉತ್ತರ ಹೇಳುವುದು ಸುಲಭ. ಆಮೇಲೆ ಕಷ್ಟದ್ದಕ್ಕೆ ಬರೋಣ.

ಪತಂಜಲಿ ಮಹರ್ಷಿಗಳ ಯೋಗಸೂತ್ರದಲ್ಲಿ ಸುಮಾರು 195 ಸೂತ್ರಗಳಿವೆ. ಆಸನವನ್ನು ಕುರಿತು ನೇರವಾಗಿ ಹೇಳುವುದು ಅದರಲ್ಲಿ ಮೂರು ಮಾತ್ರ. ಇವತ್ತು ನಾವು ಯೋಗ ಅಂದ ಕೂಡಲೇ ನೆನೆಸಿಕೊಳ್ಳುವ ಸೂರ್ಯನಮಸ್ಕಾರವಾಗಲಿ ಶೀರ್ಷಾಸನವಾಗಲಿ ಅಲ್ಲಿ ಬರುವುದೇ ಇಲ್ಲ. ಆದ್ದರಿಂದ ಆಸನವೇ ಯೋಗ ಅಲ್ಲ ಎನ್ನುವವರ ಮಾತು ನಿಜ. ಆದರೆ ಅದೇ ಗ್ರಂಥದಲ್ಲಿ ಸಾಧಕನ ಚಿತ್ತವನ್ನು ಚದುರಿಸುವ ಒಂಬತ್ತು ವಿಘ್ನಗಳ ಪಟ್ಟಿ ಇದೆ. ಸಂಶಯ, ಆಲಸ್ಯ ಎಲ್ಲವೂ ಅದರಲ್ಲಿವೆ. ಮೊಟ್ಟಮೊದಲನೆಯದು ಯಾವುದು ಗೊತ್ತೇ? ವ್ಯಾಧಿ. ಬೆನ್ನು ನೋಯುವವನಿಗೆ ಧ್ಯಾನಕ್ಕೆ ಕೂತರೂ ಬೆನ್ನೇ ಧ್ಯಾನ ಎಂಬುದನ್ನು ಮಹರ್ಷಿಗಳು ಬಲ್ಲವರಾಗಿದ್ದರು. ಕಾಯಿಲೆ ಕಳೆದುಕೊಳ್ಳುವುದು ಯೋಗದ ಗುರಿಯಲ್ಲ, ಸರಿ. ಗುರಿಯ ದಾರಿಯಲ್ಲಿ ಬಿದ್ದಿರುವ ಮೊದಲನೇ ಕಲ್ಲನ್ನು ಎತ್ತಿ ಪಕ್ಕಕ್ಕೆ ಇಡುವುದು ಅಪಚಾರ ಹೇಗಾದೀತು? ಶುಗರ್‌ಗಾಗಿ ಚಾಪೆ ಹಾಸಿದವರು ಮುಂದೊಂದು ದಿನ ಕಣ್ಣು ಮುಚ್ಚಿ ಹತ್ತು ನಿಮಿಷ ಸುಮ್ಮನೆ ಕೂರುವುದನ್ನು ಕಲಿತರೆ ಬೇಡ ಅನ್ನುವವರು ಯಾರು?

ಇನ್ನು ಅಭ್ಯಾಸದಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದನ್ನು ಇದ್ದದ್ದು ಇದ್ದ ಹಾಗೆ ತಿಳಿಯಬೇಕು. ಈ ವಿಷಯದಲ್ಲಿ ಸುಳ್ಳು ಪ್ರಚಾರ ಬಹಳ ನಡೆದಿದೆ. ಒಂದು ಆಸನಕ್ಕೆ ಹತ್ತು ರೋಗ ಬರೆದು ಹಂಚುವ ಚಾರ್ಟುಗಳನ್ನು ನೀವೂ ನೋಡಿರುತ್ತೀರಿ.

ಬಹಳ ದಿನದ ಸೊಂಟನೋವಿನ ವಿಷಯದಲ್ಲಿ ಪುರಾವೆ ಚೆನ್ನಾಗಿದೆ. ಅಮೆರಿಕದ ವೈದ್ಯರ ಸಂಸ್ಥೆಯಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ತಿಂಗಳುಗಟ್ಟಲೆ ಉಳಿದ ಸೊಂಟನೋವಿಗೆ ಮಾತ್ರೆಗಿಂತ ಮೊದಲು ಮಾಡಿನೋಡಬೇಕಾದ ಉಪಾಯಗಳ ಸಾಲಿನಲ್ಲಿ ಯೋಗವನ್ನೂ ಸೇರಿಸಿದ್ದಾರೆ. ಪೂರ್ತಿ ವಾಸಿಯಾಗುತ್ತದೆ ಅಂತ ಅವರು ಹೇಳಿಲ್ಲ, ಓಡಾಟ ಸ್ವಲ್ಪ ಸಲೀಸಾಗುತ್ತದೆ ಎಂಬಷ್ಟೇ ಭರವಸೆ. ರಕ್ತದ ಒತ್ತಡ ನಿತ್ಯ ಅಭ್ಯಾಸದಿಂದ ಕೆಲವು ಪಾಯಿಂಟು ಇಳಿಯುತ್ತದೆ. ಸಕ್ಕರೆ ಕಾಯಿಲೆಯವರಿಗೆ ಔಷಧಿಯ ಜೊತೆಗೆ ಇದೂ ಸೇರಿದರೆ ಸಹಾಯವಾಗುತ್ತದೆ, ಔಷಧಿಯ ಬದಲಿಗೆ ಅಲ್ಲ. ವಯಸ್ಸಾದವರಿಗೆ ಒಂದು ಕಾಲಿನ ಮೇಲೆ, ಗೋಡೆ ಹಿಡಿದುಕೊಂಡಾದರೂ ಸರಿ, ನಿಲ್ಲುವ ಅಭ್ಯಾಸದಿಂದ ಸಮತೋಲನ ಬರುತ್ತದೆ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಹಿರಿಯರು ಇರುವ ಮನೆಯವರಿಗೆ ಇದರ ಬೆಲೆ ಹೇಳಬೇಕಾಗಿಲ್ಲ.

ಉಸಿರಿನ ವಿಷಯ ಇನ್ನೂ ಸ್ವಾರಸ್ಯವಾದದ್ದು. ನಾವು ಸುಮ್ಮನೆ ಕೂತಾಗ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತೇವೆ. ಉಸಿರು ಒಳಗೆ ಎಳೆದಾಗ ಹೃದಯದ ಬಡಿತ ಕೊಂಚ ಜೋರಾಗುತ್ತದೆ, ಬಿಟ್ಟಾಗ ಕೊಂಚ ನಿಧಾನವಾಗುತ್ತದೆ. ನಾಡಿ ಹಿಡಿದು ನಿಧಾನವಾಗಿ ಉಸಿರಾಡಿ ನೋಡಿದರೆ ಕೆಲವರಿಗೆ ಇದು ಬೆರಳಿಗೇ ತಿಳಿಯುತ್ತದೆ. ಉಸಿರನ್ನು ನಿಮಿಷಕ್ಕೆ ಆರಕ್ಕೆ ಇಳಿಸಿದರೆ, ಅಂದರೆ ಒಂದು ಉಸಿರಿಗೆ ಹತ್ತು ಸೆಕೆಂಡು, ರಕ್ತದ ಒತ್ತಡವನ್ನು ಹಿಡಿತದಲ್ಲಿಡುವ ನರಗಳ ಏರ್ಪಾಡು ಹೆಚ್ಚು ಚುರುಕಾಗಿ ಕೆಲಸ ಮಾಡುತ್ತದೆ. ಭಯ, ಸಿಟ್ಟು ಬಂದಾಗ ಮೈಯನ್ನು ಜಗಳಕ್ಕೆ ಸಿದ್ಧಮಾಡುವ ನರಮಂಡಲ ಹಿಂದೆ ಸರಿದು, ವಿಶ್ರಾಂತಿಯ ನರಮಂಡಲ ಮುಂದಕ್ಕೆ ಬರುತ್ತದೆ. 2001ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಅಧ್ಯಯನದಲ್ಲಿ 23 ಜನ ಆರೋಗ್ಯವಂತರಿಂದ ಎರಡು ಜಪ ಮಾಡಿಸಿದರು. ಒಂದು ಕ್ರೈಸ್ತರ ಜಪಮಾಲೆಯ ಲ್ಯಾಟಿನ್ ಪ್ರಾರ್ಥನೆ, ಇನ್ನೊಂದು ಬೌದ್ಧರ ಮಂತ್ರ. ಎರಡರಲ್ಲೂ ಉಸಿರು ತಾನಾಗಿಯೇ ನಿಮಿಷಕ್ಕೆ ಹತ್ತಿರ ಹತ್ತಿರ ಆರಕ್ಕೆ ಬಂದು ನಿಂತಿತಂತೆ. ಬೇರೆ ಬೇರೆ ದೇಶ, ಬೇರೆ ಬೇರೆ ಮತ, ಉಸಿರಿನ ಅಳತೆ ಮಾತ್ರ ಒಂದೇ. ನಾಮಸ್ಮರಣೆ ಮಾಡುತ್ತಾ ಬೆಟ್ಟ ಹತ್ತುವ ನಮ್ಮವರು ಈ ಸಂಗತಿಯನ್ನು ನೆನಪಿನಲ್ಲಿ ಇಟ್ಟುಕೊಳ್ಳಬಹುದು.

ಮನಸ್ಸಿನ ಕಾಯಿಲೆಗಳ ಬಗ್ಗೆ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಬಹಳ ವರ್ಷಗಳಿಂದ ಯೋಗದ ಮೇಲೆ ಸಂಶೋಧನೆ ನಡೆದಿದೆ, ಚಿಕಿತ್ಸೆಯ ಜೊತೆಯಲ್ಲಿ ಯೋಗವನ್ನೂ ಅಲ್ಲಿ ಕಲಿಸುತ್ತಾರೆ. ಖಿನ್ನತೆ, ಆತಂಕ, ನಿದ್ದೆ ಬಾರದಿರುವುದು, ಇವುಗಳಲ್ಲಿ ಕೆಲವರಿಗೆ ಉಪಯೋಗ ಕಂಡಿದೆ. ಆದರೆ ಇಂತಹ ಪರೀಕ್ಷೆಗಳಲ್ಲಿ ಒಂದು ತೊಡಕು ಇದೆ. ಮಾತ್ರೆಯ ಪರೀಕ್ಷೆಯಲ್ಲಿ ರೋಗಿಗೆ ತಿಳಿಯದ ಹಾಗೆ ಅರ್ಧ ಜನಕ್ಕೆ ಬರೀ ಸಕ್ಕರೆ ಗುಳಿಗೆ ಕೊಡಬಹುದು. ಯೋಗವನ್ನು ತಿಳಿಯದ ಹಾಗೆ ಮಾಡಿಸುವುದು ಹೇಗೆ? ಮಾಡುವವನಿಗೆ ತಾನು ಮಾಡುತ್ತಿರುವುದು ಗೊತ್ತೇ ಇರುತ್ತದೆ. ಗುಣ ಬಂದದ್ದು ಆಸನದಿಂದಲೋ, ನಂಬಿಕೆಯಿಂದಲೋ, ದಿನಾ ನಾಲ್ಕು ಜನರ ಜೊತೆ ಕೂಡಿದ್ದರಿಂದಲೋ ಎಂದು ಬಿಡಿಸಿ ಹೇಳುವುದು ಕಷ್ಟ. ಕಂಡ ಲಾಭ ಕಂಡದ್ದೇ. ಅದಕ್ಕೆ ಇಂಥದ್ದೇ ಕಾರಣ ಅಂತ ಗಂಟಲು ಹರಿದು ಕೂಗುವವರನ್ನು ಮಾತ್ರ ಸ್ವಲ್ಪ ದೂರ ಇಡುವುದು ಒಳ್ಳೆಯದು.

ಅಪಾಯವೂ ಇದೆ. ಶೀರ್ಷಾಸನದಲ್ಲಿ ಕಣ್ಣಿನೊಳಗಿನ ಒತ್ತಡ ಸುಮಾರು ಎರಡರಷ್ಟು ಆಗುತ್ತದೆ. ಗ್ಲಾಕೋಮಾ ಇರುವವರು ತಲೆಕೆಳಗಾಗಿ ನಿಲ್ಲಲೇಬಾರದು. ಬಿ.ಪಿ. ಹಿಡಿತಕ್ಕೆ ಬಾರದವರೂ ಅಷ್ಟೇ, ಅವರು ಉಸಿರು ಬಿಗಿಹಿಡಿಯುವುದೂ ಬೇಡ. ಬಸುರಿಯರು, ಹರ್ನಿಯಾ ಇರುವವರು, ಈಚೆಗೆ ಹೊಟ್ಟೆಯ ಆಪರೇಷನ್ ಆದವರು ಕಪಾಲಭಾತಿಯ ಗೋಜಿಗೆ ಹೋಗಬಾರದು. ಇನ್ಸುಲಿನ್ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ತಾಸುಗಟ್ಟಲೆ ಮಾಡುವ ಮೊದಲು ಡಾಕ್ಟರನ್ನು ಕೇಳಬೇಕು. ಟಿ.ವಿ. ನೋಡಿ ಕಲಿಯುವವರಿಗೆ ಈ ಮಾತು ಮುಖ್ಯ, ಟಿ.ವಿ. ಒಳಗಿನ ಗುರುಗಳಿಗೆ ನಿಮ್ಮ ಕಣ್ಣು, ಕರುಳು ಕಾಣುವುದಿಲ್ಲ.

ಮತ್ತೊಂದು ಮಾತು. ಜಾಗತಿಕ ಆರೋಗ್ಯ ಸಂಸ್ಥೆಯ 2020ರ ಸೂಚನೆಯಂತೆ ದೊಡ್ಡವರು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮದ ವ್ಯಾಯಾಮ ಮಾಡಬೇಕು. ನಿಧಾನದ ಆಸನಗಳಿಂದ ಆ ಲೆಕ್ಕ ತುಂಬುವುದಿಲ್ಲ, ನಡಿಗೆಯೂ ಬೇಕು. ವರ್ಷವೆಲ್ಲಾ ಕೂತಿದ್ದು ಒಂದು ದಿನ ಬೆಟ್ಟ ಹತ್ತಿದರೂ ತುಂಬುವುದಿಲ್ಲ. ಅಭ್ಯಾಸ ಗಟ್ಟಿಯಾಗಬೇಕಾದರೆ ಅದು ಬಹಳ ಕಾಲ, ನಡುವೆ ಬಿಡದೆ, ಆದರದಿಂದ ನಡೆಯಬೇಕು ಎನ್ನುವುದು ಪತಂಜಲಿಗಳ ಅಭಿಪ್ರಾಯ. ಅವರು ಹೇಳಿದ್ದು ಮನಸ್ಸಿನ ವಿಷಯಕ್ಕಾದರೂ ಸ್ನಾಯುಗಳೂ ಅದೇ ನಿಯಮವನ್ನು ಪಾಲಿಸುತ್ತವೆ. ಕೆಲವು ವಾರ ಬಿಟ್ಟರೆ ಗಳಿಸಿದ್ದು ಕರಗಲು ಶುರುವಾಗುತ್ತದೆ.

ಈಗ ಕಷ್ಟದ ಪ್ರಶ್ನೆಗೆ ಬರೋಣ. ತನ್ನ ದೇಹಕ್ಕೆ ತಾನು ಸಮಯ ಕೊಡುವುದು ಸ್ವಾರ್ಥವೇ?

ನಮ್ಮ ನಾಡಿನ ಒಬ್ಬ ಹುಡುಗನ ಕಥೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. 1918ರ ಡಿಸೆಂಬರ್ 14ರಂದು, ಇನ್‌ಫ್ಲುಯೆಂಜಾ ಮಹಾಮಾರಿ ಊರೂರನ್ನೇ ಕಾಡುತ್ತಿದ್ದ ಕಾಲದಲ್ಲಿ, ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಮಗು ಅದು. ಹುಟ್ಟಿನಿಂದಲೇ ಬಡಕಲು. ಮಲೇರಿಯಾ, ಟೈಫಾಯಿಡ್, ಕ್ಷಯ, ಒಂದಾದ ಮೇಲೆ ಒಂದು ಬಂದವು. 1934ರಲ್ಲಿ ಮೈಸೂರಿನಲ್ಲಿದ್ದ ಅಕ್ಕನ ಮನೆಗೆ ಹೋದ. ಭಾವನವರು ತಿರುಮಲೈ ಕೃಷ್ಣಮಾಚಾರ್ಯರು, ಚಿತ್ರದುರ್ಗ ಸೀಮೆಯ ಮುಚುಕುಂದಪುರದವರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಿಂದ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸುತ್ತಿದ್ದರು. ಅವರ ‘ಯೋಗ ಮಕರಂದ’ ಎಂಬ ಪುಸ್ತಕ 1934ರಲ್ಲಿ ಕನ್ನಡದಲ್ಲೇ ಬಂತು ಎಂಬುದು ನಾವು ಹೆಮ್ಮೆ ಪಡಬೇಕಾದ ಸಂಗತಿ. ಆ ಹುಡುಗ ಆಸನಕ್ಕೆ ಬಂದದ್ದು ಮೋಕ್ಷಕ್ಕೂ ಅಲ್ಲ, ಲೋಕಕಲ್ಯಾಣಕ್ಕೂ ಅಲ್ಲ. ತಾನು ಬದುಕಿ ಉಳಿದರೆ ಸಾಕಾಗಿತ್ತು. 1937ರಲ್ಲಿ ಪುಣೆಗೆ ಹೋಗಿ ಕಲಿಸಲು ಆರಂಭಿಸಿದ. ಅವರೇ ಬಿ.ಕೆ.ಎಸ್. ಅಯ್ಯಂಗಾರ್ ಅವರು. 1966ರಲ್ಲಿ ಅವರ ‘ಲೈಟ್ ಆನ್ ಯೋಗ’ ಪುಸ್ತಕ ಬಂದ ಮೇಲೆ ಪ್ರಪಂಚವೇ ಅವರ ಕಡೆ ತಿರುಗಿತು. ಕೈಲಾಗದವರೂ ಆಸನ ಮಾಡುವಂತೆ ಕುರ್ಚಿ, ಹಗ್ಗ, ಬೆಲ್ಟು, ಮರದ ದಿಮ್ಮಿಗಳನ್ನು ಬಳಕೆಗೆ ತಂದರು. ನೋವು ತಿಂದ ದೇಹಕ್ಕೇ ಇನ್ನೊಬ್ಬರ ನೋವಿಗೆ ಕುರ್ಚಿ ಹಾಕಬೇಕು ಅಂತ ಹೊಳೆಯುವುದು. ಹುಟ್ಟಿದ ಬೆಳ್ಳೂರಿಗೆ ಶಾಲೆ, ಆಸ್ಪತ್ರೆ ಮಾಡಿಸಿಕೊಟ್ಟು, 2014ರ ಆಗಸ್ಟ್ 20ರಂದು, 95ನೇ ವಯಸ್ಸಿನಲ್ಲಿ ತೀರಿಕೊಂಡರು.

ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮಿಗಳನ್ನೂ ನೆನೆಯಬೇಕು. ‘ತಿರುಕ’ ಎಂದು ಹೆಸರಿಟ್ಟುಕೊಂಡು, ಭಿಕ್ಷೆ ಎತ್ತಿ ಅನಾಥಸೇವಾಶ್ರಮ ಬೆಳೆಸಿದರು. ಯೋಗ ಶಿಬಿರ ನಡೆಸಿದರು, ಆಯುರ್ವೇದದ ಔಷಧಿ ಕೊಟ್ಟರು, 1996ರಲ್ಲಿ ದೇಹ ಬಿಟ್ಟರು. ತನ್ನ ಮೈಯನ್ನು ಹುರಿಗೊಳಿಸುವುದೂ ಪರರಿಗೆ ದುಡಿಯುವುದೂ ಅವರಿಗೆ ಎರಡು ಕೆಲಸ ಆಗಿರಲಿಲ್ಲ.

ಆದರೆ ಈ ಮಹನೀಯರ ಉದಾಹರಣೆ ಹೇಳಿ ಕೈತೊಳೆದುಕೊಳ್ಳುವುದು ಸರಿಯಲ್ಲ. ಎಲ್ಲರೂ ಅಯ್ಯಂಗಾರರೂ ಆಗಲಾರರು, ತಿರುಕರೂ ಆಗಲಾರರು. ನಮ್ಮ ಬೆಟ್ಟಕ್ಕೆ ಬರುವ ಸಾಮಾನ್ಯ ತಾಯಿಯೊಬ್ಬಳ ಮಂಡಿನೋವು ಕಡಿಮೆಯಾದರೆ ಪ್ರಪಂಚಕ್ಕೆ ಏನೂ ತಿಳಿಯುವುದಿಲ್ಲ. ಆಗ ಅದಕ್ಕೆ ಬೆಲೆಯಿಲ್ಲವೇ? ಸಾಮಾನ್ಯವಾಗಿ ಹೇಳುವ ಸಮಾಧಾನ ಹೀಗಿರುತ್ತದೆ: "ನೀನು ಗಟ್ಟಿಯಾಗಿದ್ದರೆ ತಾನೇ ಮನೆ ನಡೆಯೋದು, ಅದಕ್ಕಾದರೂ ಆರೋಗ್ಯ ನೋಡಿಕೋ." ಈ ಮಾತಿನಲ್ಲಿ ಸತ್ಯವಿದೆ, ಪ್ರೀತಿಯೂ ಇದೆ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಅದು ಉಳುವ ಎತ್ತಿಗೆ ಹುಲ್ಲು ಹಾಕುವ ಲೆಕ್ಕವೇ ಆಯಿತು. ಆಕೆ ಮನೆಗೆ ಉಪಯೋಗಕ್ಕೆ ಬರುತ್ತಾಳೆ ಅಂತ ಮಾತ್ರ ಆಕೆಯ ಮಂಡಿ ನೆಟ್ಟಗಿರಬೇಕೇ? ಸಕಲ ಜೀವಿಗಳಲ್ಲೂ ದೇವರಿದ್ದಾನೆ ಎಂದು ನಂಬುವವರು ನಾವು. ಆ ಸಕಲದಿಂದ ತನ್ನನ್ನೊಬ್ಬಳನ್ನು ಬಿಟ್ಟು ಲೆಕ್ಕ ಹಾಕುವುದು ತ್ಯಾಗವಲ್ಲ, ಲೆಕ್ಕದ ತಪ್ಪು. ಪರರ ದೇಹಕ್ಕೆ ನೋವಾದಾಗ ಉಪಚಾರ ಮಾಡುವುದು ಧರ್ಮವಾದರೆ, ಅದೇ ನೋವು ತನ್ನ ದೇಹದಲ್ಲಿದ್ದಾಗ ಉಪಚಾರ ಮಾಡುವುದು ಅಧರ್ಮ ಆಗಲು ಕಾರಣವೇ ಇಲ್ಲ. ಎಷ್ಟೆಂದರೂ ಈ ದೇಹ ನಾವು ಮಾಡಿಕೊಂಡದ್ದಲ್ಲ, ನಮ್ಮ ವಶಕ್ಕೆ ಕೊಟ್ಟದ್ದು.

ಹಾಗಾದರೆ ಸ್ವಾರ್ಥ ಅನ್ನುವುದು ಎಲ್ಲೂ ಇಲ್ಲವೇ? ಇದೆ. ಅದು ಚಾಪೆಯ ಮೇಲಲ್ಲ, ಚಾಪೆಯ ಸುತ್ತಮುತ್ತ ಇದೆ.

ಅಷ್ಟಾಂಗ ಯೋಗದಲ್ಲಿ ಆಸನ ಮೂರನೆಯದು, ಪ್ರಾಣಾಯಾಮ ನಾಲ್ಕನೆಯದು. ಮೊದಲನೆಯದು ಯಮ. ಅಹಿಂಸೆ, ಸತ್ಯ, ಅಸ್ತೇಯ, ಬ್ರಹ್ಮಚರ್ಯ, ಅಪರಿಗ್ರಹ ಎಂದು ಅದರಲ್ಲಿ ಐದು. ಅಸ್ತೇಯ ಅಂದರೆ ಕಳ್ಳತನ ಮಾಡದಿರುವುದು. ನಾವು ಯಾರ ಜೇಬಿಗೂ ಕೈ ಹಾಕಿಲ್ಲವಲ್ಲ ಅಂತ ಈ ಪದವನ್ನು ದಾಟಿ ಮುಂದೆ ಹೋಗುತ್ತೇವೆ. ಆದರೆ ಕದಿಯಬಹುದಾದ್ದು ದುಡ್ಡು ಒಂದೇ ಅಲ್ಲ, ಹೊತ್ತನ್ನೂ ಕದಿಯಬಹುದು. ಒಂದು ಮನೆಯ ಚಿತ್ರ ಕಣ್ಣಮುಂದೆ ತಂದುಕೊಳ್ಳಿ. ಯಜಮಾನರು ನಡುಮನೆಯಲ್ಲಿ ಚಾಪೆ ಹಾಸಿ ಪ್ರಾಣಾಯಾಮಕ್ಕೆ ಕೂತಿದ್ದಾರೆ. ಕುಕ್ಕರ್ ಕೂಗಬಾರದು, ಮಕ್ಕಳು ಗಲಾಟೆ ಮಾಡಬಾರದು. ಏಳುವ ಹೊತ್ತಿಗೆ ಬಿಸಿನೀರು ಕಾದಿರಬೇಕು, ಆಮೇಲೆ ಕಾಫಿ. ಆಕೆ ಎದ್ದಿರುವುದು ಅವರಿಗಿಂತ ಒಂದು ಗಂಟೆ ಮೊದಲು. ಅವರ ಅರ್ಧ ಗಂಟೆಯ ಶಾಂತಿ ಆಕೆಯ ಖಾತೆಯಿಂದ ಖರ್ಚಾಗಿದೆ. ಅವರ ಬಿ.ಪಿ. ಇಳಿಯುತ್ತದೆ, ನಿಜ. ಇಳಿದದ್ದು ಎಲ್ಲಿಗೆ ಹೋಯಿತು ಅಂತ ಅಡುಗೆಮನೆಯಲ್ಲಿ ಅಳೆದು ನೋಡಬೇಕು.

ಇದು ಬರೀ ತಮಾಷೆಗೆ ಹೇಳಿದ್ದಲ್ಲ. ಕೇಂದ್ರ ಸರ್ಕಾರ 2019ರಲ್ಲಿ ದೇಶದಾದ್ಯಂತ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಎಂದು ಸಮೀಕ್ಷೆ ಮಾಡಿತು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಆಗ ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. ಗಂಡಸರಲ್ಲಿ ಆ ಕೆಲಸಕ್ಕೆ ಕೈ ಹಾಕುತ್ತಿದ್ದವರೇ ನೂರಕ್ಕೆ 26 ಜನ, ಹಾಕಿದವರು ಕೊಡುತ್ತಿದ್ದದ್ದು 97 ನಿಮಿಷ. ಸುಮಾರು ಐದು ಗಂಟೆ ಎಲ್ಲಿ, ಒಂದೂವರೆ ಗಂಟೆ ಎಲ್ಲಿ! ಹೀಗಿರುವಾಗ "ನೀನೂ ಯೋಗ ಮಾಡು" ಅಂತ ಹೆಂಡತಿಗೆ ಉಪದೇಶ ಮಾಡುವ ಗಂಡ ಅರ್ಧ ಗಂಟೆಯನ್ನು ಎಲ್ಲಿಂದ ತಂದುಕೊಡುತ್ತಾನೆ ಅಂತಲೂ ಹೇಳಬೇಕು. ಉಪದೇಶಕ್ಕೆ ಖರ್ಚಿಲ್ಲ. ವಾರದಲ್ಲಿ ಮೂರು ದಿನ ಹಾಲು ಕಾಯಿಸಿ, ಮಕ್ಕಳ ಟಿಫಿನ್ ಡಬ್ಬಿ ಕಟ್ಟಿ, ಹಾಸಿಗೆ ಮಡಿಚಿಟ್ಟರೆ ಆಕೆಯ ಚಾಪೆಗೆ ಜಾಗ ಆಗುತ್ತದೆ. ಅತ್ತೆಯವರೂ "ಅವಳು ಬಾಗಿಲು ಹಾಕಿಕೊಂಡು ಏನು ಮಾಡ್ತಾ ಇದಾಳೆ" ಅಂತ ಕೇಳುವುದನ್ನು ಬಿಡಬೇಕು. ಬೆಳಿಗ್ಗೆ ಆಗುವುದೇ ಇಲ್ಲ ಅನ್ನುವವರಿಗೆ ಸಂಜೆಯೂ ಆಗುತ್ತದೆ, ಊಟವಾಗಿ ಮೂರು ನಾಲ್ಕು ಗಂಟೆ ಕಳೆದಿದ್ದರೆ ಸಾಕು. ಬ್ರಾಹ್ಮೀ ಮುಹೂರ್ತದಲ್ಲೇ ಆಗಬೇಕು ಅಂತ ಹಠ ಹಿಡಿದು ನಿದ್ದೆ ಕಡಿಮೆ ಮಾಡಿಕೊಂಡರೆ ಲಾಭಕ್ಕಿಂತ ನಷ್ಟವೇ ಹೆಚ್ಚು.

ಆರೋಗ್ಯವಂತರು ಮಾಡುವ ಇನ್ನೊಂದು ಹಿಂಸೆಯೂ ಇದೆ. ಕಾಯಿಲೆ ಬಿದ್ದವರನ್ನು ನೋಡಲು ಹೋಗಿ, "ದಿನಾ ಯೋಗ ಮಾಡಿದ್ದರೆ ಈ ಗತಿ ಬರುತ್ತಿರಲಿಲ್ಲ" ಅಂತ ಹೇಳಿ ಬರುತ್ತಾರೆ. ಹಣ್ಣು ತಂದಿರುತ್ತಾರೆ, ಜೊತೆಗೆ ಈ ಮಾತನ್ನೂ ತಂದಿರುತ್ತಾರೆ. ನಿಯಮ ತಪ್ಪದೆ ಸಾಧನೆ ಮಾಡಿದವರಿಗೂ ಕ್ಯಾನ್ಸರ್ ಬರುತ್ತದೆ. ಅಭ್ಯಾಸದಿಂದ ಕೆಲವು ಕಾಯಿಲೆಗಳ ಸಾಧ್ಯತೆ ಕಡಿಮೆಯಾಗಬಹುದೇ ಹೊರತು, ಕಾಯಿಲೆ ಬಾರದೆಂಬ ರಸೀದಿಯನ್ನು ಯಾವ ಶಾಸ್ತ್ರವೂ ಬರೆದುಕೊಟ್ಟಿಲ್ಲ. ರೋಗವನ್ನು ರೋಗಿಯ ಸೋಮಾರಿತನಕ್ಕೆ ಕಟ್ಟುವವರು ತಮ್ಮ ಆರೋಗ್ಯವನ್ನು ಬರೀ ತಮ್ಮ ಸಂಪಾದನೆ ಅಂದುಕೊಂಡಿರುತ್ತಾರೆ. ತಂದೆತಾಯಿಯ ಮೈಕಟ್ಟು, ಹೊತ್ತಿಗೆ ಸಿಕ್ಕ ಅನ್ನ, ಮೈಮುರಿಯದ ಉದ್ಯೋಗ, ಇವೆಲ್ಲಾ ಅದರಲ್ಲಿ ಪಾಲುದಾರರು. ಇಡೀ ದಿನ ಇಟ್ಟಿಗೆ ಹೊರುವವರಿಗೆ ಆಸನ ಬೋಧಿಸುವ ಮೊದಲು ಕೂರಲು ಜಾಗ ಕೊಡಬೇಕು.

ಕೊನೆಯದಾಗಿ, ಯಾತ್ರಾರ್ಥಿಗಳು ಆಗಾಗ ಕೇಳುವ ಮಾತು ಒಂದಿದೆ. ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಅವರನ್ನು ನೋಡಿಕೊಳ್ಳುವುದರಲ್ಲೇ ದಿನ ಹೋಗುತ್ತದೆ, ನಮಗೆಲ್ಲಿಂದ ಬಂತು ಯೋಗ ಎಂದು. ಅಂಥವರಿಗೆ ಚಾಪೆಯೂ ಬೇಡ, ಬೇರೆ ಹೊತ್ತೂ ಬೇಡ. ಮಲಗಿದವರ ಪಕ್ಕದಲ್ಲಿ ಕುರ್ಚಿಯ ಮೇಲೆ ನೆಟ್ಟಗೆ ಕೂತು, ಅವರ ಕೈ ಹಿಡಿದುಕೊಂಡು, ಮನಸ್ಸಿನಲ್ಲಿ ನಾಲ್ಕು ಎಣಿಸುತ್ತಾ ಮೂಗಿನಿಂದ ಉಸಿರು ಎಳೆದು, ಆರು ಎಣಿಸುತ್ತಾ ಬಿಡುವುದು. ಬಿಗಿಹಿಡಿಯುವುದು ಬೇಡ. ಆಯಾಸ ಅನಿಸಿದರೆ ಎಣಿಕೆ ಕಡಿಮೆ ಮಾಡಿಕೊಳ್ಳಬಹುದು. ಮಲಗಿದವರಿಗೆ ಉಸಿರಿನ ತೊಂದರೆ ಇಲ್ಲದಿದ್ದರೆ ಅವರೂ ಜೊತೆಯಲ್ಲಿ ಮಾಡಬಹುದು. ಎಣಿಸಲು ಇಷ್ಟವಿಲ್ಲದವರು ಇಷ್ಟದೇವರ ನಾಮವನ್ನೇ ನಿಧಾನವಾಗಿ ಹೇಳಿಕೊಳ್ಳಲಿ. ಹತ್ತು ನಿಮಿಷಕ್ಕೆ ಸುಮಾರು ಅರವತ್ತು ಉಸಿರು ಆಗುತ್ತದೆ. ಆ ಹತ್ತು ನಿಮಿಷ ನೋಡಿಕೊಳ್ಳುವವರದೂ ಹೌದು, ಮಲಗಿದವರದೂ ಹೌದು.